ಸೊನ್ನೆ ಜಾರಿದಾಗ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಪಿಸು ಎಂದು. ಅವಳ ಪಿಸುಮಾತಿನಲ್ಲಿ ಅರ್ಧ ಬಾಯಲ್ಲೇ ಉಳಿಯುತ್ತದೆ, ಹೆಸರೂ ಅರ್ಧವೇ ಸಾಕು ಎಂದು ಪಕ್ಕದ ಮೇಜಿನ ನಕ್ಷೆಗಾರ ಇಟ್ಟದ್ದು. ಅವಳು ಬೇಡ ಅನ್ನಲಿಲ್ಲ. ಅನ್ನಬೇಕಾದರೆ ಬಾಯಿ ಬಿಡಬೇಕಲ್ಲ.

ಮಾಡುವ ಕೆಲಸದಲ್ಲೂ ಬಾಯಿಗೆ ಹೆಚ್ಚು ಶ್ರಮವಿರಲಿಲ್ಲ. ಉಪಗ್ರಹವೊಂದು ಊರಿನ ಮೇಲೆ ಹಾದುಹೋದಾಗಲೆಲ್ಲ ರೇಡಾರ್ ಅಲೆ ಬಿಡುತ್ತದೆ. ಅಲೆ ಚಾವಣಿಗೋ ಬಂಡೆಗೋ ತಾಗಿ ವಾಪಸಾಗುತ್ತದೆ. ಹೋದ ಸಲದ ಚಿತ್ರದ ಪಕ್ಕ ಈ ಸಲದ್ದನ್ನು ಇಟ್ಟು ಲೆಕ್ಕ ಹಾಕಿದರೆ, ಗುಡ್ಡ ಉಗುರಿನ ದಪ್ಪದಷ್ಟು ಜಾರಿದ್ದರೂ ಸಿಕ್ಕಿಬೀಳುತ್ತದೆ. ಅದಕ್ಕೆ ಬೇಕಾದದ್ದು ಅಲುಗಾಡದ ಒಂದು ಜಾಗ. ಅದನ್ನು ಸೊನ್ನೆ ಎಂದಿಟ್ಟುಕೊಂಡು ಮಿಕ್ಕ ಊರನ್ನೆಲ್ಲ ಅದಕ್ಕೆ ಹೋಲಿಸಿ ಅಳೆಯಬೇಕು. ಇವರ ಸೊನ್ನೆ ಎಂದರೆ ಗುಡ್ಡದ ಹೆಗಲ ಮೇಲಿರುವ ಶಾಲೆಯ ಚಾವಣಿ. ಈ ಕೆಲಸ ಶುರುವಾದ ಹೊಸದರಲ್ಲಿ ಸಾಹೇಬರು ತಾವೇ ಆರಿಸಿದ್ದು. ಅದೇ ಶಾಲೆಯಲ್ಲಿ ಪಿಸುವಿನ ಅಕ್ಕ ಮೂರನೇ ಕ್ಲಾಸಿನ ಟೀಚರ್.

ಹೊಸ ಚಿತ್ರ ಬಂದ ದಿನ ನಕ್ಷೆಗಾರ ಕುರ್ಚಿ ಸಮೇತ ಉರುಳಿಕೊಂಡು ಬಂದ. “ಏನಮ್ಮ ಇದು? ಊರಿಗೆ ಊರೇ ಮೇಲಕ್ಕೆ ಏಳ್ತಿದೆ! ರೆಕ್ಕೆಗಿಕ್ಕೆ ಬಂತಾ?”

ನಿಜವೇ. ಮಾರ್ಕೆಟ್ಟು, ಸೇತುವೆ, ರೈಲ್ವೆ ಸ್ಟೇಷನ್ನು, ಈ ಆಫೀಸು, ಎಲ್ಲ ನೀಲಿ. ನೀಲಿ ಎಂದರೆ ಏರುತ್ತಿದೆ ಎಂದರ್ಥ. ಶಾಲೆ ಮತ್ತು ಅದರ ಹಿಂದಿನ ಇಳಿಜಾರು ಮಾತ್ರ ತಣ್ಣಗೆ ಹಸಿರಾಗಿ ಕೂತಿದ್ದವು.

“ಗಾಳಿಯ ತೇವ,” ಎಂದರು ಸಾಹೇಬರು, ಬಗ್ಗಿಯೂ ನೋಡದೆ. “ರೇಡಾರಿಗೇ ಮಂಕುಬೂದಿ ಎರಚುತ್ತೆ ಅದು. ಅಷ್ಟನ್ನ ಕಳೆದುಬಿಡು. ನಾಳೆ ಮೀಟಿಂಗಿಗೆ ‘ಗುಡ್ಡ ಸ್ಥಿರ’ ಅಂತ ವರದಿ ಬೇಕು. ಮಳೆಗಾಲಕ್ಕೆ ಮುಂಚೆ ಇದೇ ಕೊನೇದು.”

ತೇವವೇನೋ ಹೌದು, ಆದರೆ ತೇವ ಬಂದುಹೋಗುವ ನೆಂಟ. ಪಿಸು ಹಳೆಯ ಚಿತ್ರಗಳನ್ನು ತೆಗೆದಳು. ಆ ನೀಲಿ ಹಿಂದೆಯೂ ಇತ್ತು, ಸಲಕ್ಕಿಷ್ಟು ಬೆಳೆಯುತ್ತಲೇ ಬಂದಿತ್ತು. ಪ್ರತಿ ಸಲವೂ ತೇವದ ಹೆಸರಿನಲ್ಲಿ ಅದನ್ನು ಒರೆಸಿಹಾಕಲಾಗಿತ್ತು. ಬಸ್ಸಿನಲ್ಲಿ ಕೂತಿರುವಾಗ ಪಕ್ಕದ ಬಸ್ಸು ಮುಂದೆ ಹೋದಂತೆ ಕಾಣುತ್ತದೆ, ನೋಡಿದರೆ ಹಿಂದೆ ಸರಿದದ್ದು ನಮ್ಮದೇ ಬಸ್ಸು. ಊರು ಏರುತ್ತಿಲ್ಲ, ಶಾಲೆಯೇ ಇಳಿಯುತ್ತಿದ್ದರೆ? ಸೊನ್ನೆಯನ್ನು ಶಾಲೆಯಿಂದ ಕಿತ್ತು, ಹೊಳೆಯಾಚೆ ಗಟ್ಟಿ ಬಂಡೆಯ ಮೇಲಿರುವ ರೈಲ್ವೆ ಸ್ಟೇಷನ್ನಿಗೆ ಇಟ್ಟಳು.

ಊರು ತೆಪ್ಪಗೆ ತನ್ನ ಜಾಗಕ್ಕೆ ಬಂದು ಕೂತಿತು. ಶಾಲೆ ಕೆಂಪಾಯಿತು, ಎಂದರೆ ಇಳಿಯುತ್ತಿದೆ. ಅದರ ಹಿಂದಿನ ಇಳಿಜಾರೂ ಅಷ್ಟೇ ಕೆಂಪಾಯಿತು.

ಸಾಹೇಬರು ಈ ಸಲ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಎದ್ದುಹೋಗಿ ಕೋಣೆಯ ಬಾಗಿಲು ಹಾಕಿ ಬಂದರು.

“ಇಷ್ಟು ವರ್ಷದ ವರದಿಗಳೆಲ್ಲ ಆ ಸೊನ್ನೆ ಮೇಲೆ ನಿಂತಿವೆ. ಅದೇ ಜಾರಿದೆ ಅಂದ್ರೆ ನಾವೆಲ್ಲ ಕತ್ತೆ ಕಾಯ್ತಿದ್ವಿ ಅಂತ ಅರ್ಥ.”

“ಸರ್, ಅಲ್ಲಿ ಮಕ್ಕಳು...”

“ಏನಂದೆ? ಕೇಳಿಸ್ಲಿಲ್ಲ.”

ಅವಳು ಇನ್ನೊಮ್ಮೆ ಹೇಳಲು ಹೋದಳು. ಗಂಟಲು ಕೈಕೊಟ್ಟಿತು.

“ಹಳೇ ಸೊನ್ನೆನೇ ಇರ್ಲಿ,” ಎಂದರು ಅವರು.

ಸಂಜೆ ಮನೆಯಲ್ಲಿ ಅಕ್ಕ ಕೆಂಪು ಪೆನ್ನು ಹಿಡಿದು ಮಕ್ಕಳ ಕಾಪಿ ತಿದ್ದುತ್ತಿದ್ದಳು. ಪಿಸು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅಕ್ಕನ ಎದುರು ಅವಳಿಗೆ ಮಾತು ಬರುತ್ತಿತ್ತು.

ಅಕ್ಕ ಪೆನ್ನು ಕೆಳಗಿಟ್ಟಳು. “ಅದಕ್ಕೇನಾ ಕ್ಲಾಸಿನ ಬಾಗಿಲು ಕಚ್ಕೊಳ್ತಿರೋದು? ಬಡಗಿ ಎರಡು ಸಲ ಉಜ್ಜಿಹೋದ, ದರಿದ್ರದ್ದು ಆದ್ರೂ ಕಚ್ಕೊಳ್ಳುತ್ತೆ. ಇದನ್ನ ನನ್ನ ಹತ್ರ ಯಾಕೆ ಹೇಳ್ತಿದೀಯೆ? ಅವರ ಹತ್ರ ಹೇಳು.”

“ಹೇಳ್ದೆ. ಧ್ವನಿ ಬರ್ಲಿಲ್ಲ ಅಕ್ಕ.”

“ಧ್ವನಿ ಬರ್ದಿದ್ರೆ ಹೋಗ್ಲಿ. ಕಾಲು ಬರುತ್ತೆ ತಾನೆ?”

ಬೆಳಿಗ್ಗೆ ಶಾಲೆಯ ಗೇಟು ತೆರೆಯುವ ಮೊದಲೇ ಪಿಸು ನಕ್ಷೆ ಹಿಡಿದು ಅದರ ಮುಂದೆ ನಿಂತಿದ್ದಳು. ಹೆಡ್ ಮೇಡಂ ಸ್ಕೂಟರಿನಿಂದ ಇಳಿದು, ಹೆಲ್ಮೆಟ್ಟನ್ನೂ ತೆಗೆಯದೆ ಕೇಳಿಸಿಕೊಂಡರು.

“ಬಾಯ್ಮಾತಿಗೆ ನಾನು ಶಾಲೆ ಖಾಲಿ ಮಾಡೋಕಾಗಲ್ಲ. ಸಹಿ ಹಾಕ್ತೀಯಾ?”

ಪಿಸು ನಕ್ಷೆಯನ್ನು ಕಾಂಪೌಂಡ್ ಗೋಡೆಗೆ ಒತ್ತಿ ಹಿಡಿದು ತನ್ನ ಪೂರ್ತಿ ಹೆಸರು ಬರೆದಳು. ಗೋಡೆ ತರಿತರಿಯಾಗಿತ್ತು, ಅಕ್ಷರ ಸೊಟ್ಟಗಾದವು.

“ಸರಿ, ಮಕ್ಕಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ?”

ಇದನ್ನು ಅವಳು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳು.

ಆಫೀಸಿನ ಮೀಟಿಂಗ್ ಹಾಲಿನಲ್ಲಿ ಸಾಹೇಬರು ಮೇಲಿನ ಅಧಿಕಾರಿಗಳ ಮುಂದೆ ಗಂಟಲು ಸರಿಪಡಿಸಿಕೊಂಡರು. ಪಿಸು ಕೆಂಪು ನಕ್ಷೆಯ ಪ್ರತಿಯನ್ನು ಮೇಜಿನ ನಡುವೆ ಇಟ್ಟಳು.

“ಇದಲ್ಲಮ್ಮ,” ಎಂದರು ಸಾಹೇಬರು, ನಗುತ್ತ, ಹಲ್ಲು ಕಚ್ಚಿಕೊಂಡು.

“ಇದೇ ಸರ್.”

ಅಷ್ಟರಲ್ಲಿ ಮೆಟ್ಟಿಲ ಮೇಲೆ ದಡದಡ ಸದ್ದು. ಬಾಗಿಲು ತೆರೆಯಿತು. ಬ್ಯಾಗು, ನೀರಿನ ಬಾಟಲಿ, ಬಿಚ್ಚಿದ ಲೇಸು, ಸುರಿಯುವ ಮೂಗು, ಮೂರನೇ ಕ್ಲಾಸು ಪೂರ್ತಿ ಒಳಗೆ. ಹಿಂದೆ ಅಕ್ಕ. “ಮಿಕ್ಕವರು ಕೆಳಗಿದ್ದಾರೆ. ಇವರನ್ನ ಎಲ್ಲಿ ಕೂರಿಸ್ಲಿ?”

ಸಾಹೇಬರು ಪಿಸುವಿನ ಕಡೆ ತಿರುಗಿದರು, ಮುಖ ನಕ್ಷೆಗಿಂತ ಕೆಂಪಾಗಿತ್ತು. “ಶಾಲೆ ಮುಚ್ಚೋಕೆ ನೀನ್ಯಾರು?”

“ನಾನು ಮುಚ್ಚಿಲ್ಲ ಸರ್. ಇಲ್ಲಿ ತೆಗೆದಿದ್ದೀನಿ.”

“ಈ ಕಟ್ಟಡ ಸೇಫ್ ಅಂತ ಯಾರು ಹೇಳಿದ್ದು?”

“ನಿಮ್ಮ ಲೆಕ್ಕದಲ್ಲಿ ಇದು ಮೇಲಕ್ಕೆ ಹೋಗ್ತಿದೆ. ನನ್ನ ಲೆಕ್ಕದಲ್ಲಿ ನಿಂತಿದೆ. ಯಾವ ಲೆಕ್ಕ ಹಿಡಿದ್ರೂ ಇಳೀತಿಲ್ಲ.”

ನಕ್ಷೆಗಾರ ಕೆಮ್ಮಿನೊಳಗೆ ನಗು ನುಂಗಿದ. ಹಿರಿಯ ಅಧಿಕಾರಿಯೊಬ್ಬರು ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ತಮ್ಮ ಕಡೆ ಎಳೆದುಕೊಂಡರು.

“ಗುಡ್ಡ ಜಾರದೇ ಇದ್ರೆ?” ಸಾಹೇಬರ ಧ್ವನಿ ಒಡೆದಿತ್ತು. “ಆಗ ಏನ್ಮಾಡ್ತೀಯ? ಕೆಲಸ ಹೋಗುತ್ತೆ, ಗೊತ್ತಿರ್ಲಿ.”

“ಮಕ್ಕಳು ವಾಪಸ್ ಹೋಗ್ತಾರೆ. ನಾನು ನಗೆಪಾಟಲಾಗ್ತೀನಿ. ಆಗ್ಲಿ ಸರ್.”

ಅವಳ ಧ್ವನಿ ಎಂದಿನಷ್ಟೇ ಸಣ್ಣದಾಗಿತ್ತು. ಈ ಸಲ ಕೇಳಿಸಲಿಲ್ಲ ಎಂದು ಯಾರೂ ಅನ್ನಲಿಲ್ಲ.

ಒಬ್ಬಳು ಪುಟ್ಟ ಹುಡುಗಿ ಆಗಲೇ ಸಾಹೇಬರ ಕುರ್ಚಿ ಹತ್ತಿ ಗಿರಗಿರ ತಿರುಗುತ್ತಿದ್ದಳು. “ಗಲಾಟೆ! ಮೊದಲು ಈ ಗಲಾಟೆ ನಿಲ್ಲಿಸಿ!” ಎಂದು ಸಾಹೇಬರು ಮೇಜು ಕುಟ್ಟಿದರು. ಅಕ್ಕ ಅಭ್ಯಾಸಬಲದಿಂದ ತುಟಿಯ ಮೇಲೆ ಬೆರಳಿಟ್ಟಳು.

ಪಿಸು ಆ ಬೆರಳನ್ನು ಹಿಡಿದು ಕೆಳಗಿಳಿಸಿದಳು. ಮಕ್ಕಳ ಕಡೆ ತಿರುಗಿದಳು.

“ಮಗ್ಗಿ ಯಾವುದರ ತನಕ ಬರುತ್ತೆ ನಿಮಗೆ?”

“ಹನ್ನೆರಡು!”

“ಹೇಳಿ ನೋಡೋಣ. ಕೆಳಗಿರೋರಿಗೂ ಕೇಳಿಸ್ಬೇಕು.”