ನೀರು ಹೆಚ್ಚಾದ ಪಾತಿ

ಶಾಲೆಯ ಹಿಂದಿನ ಟೊಮೇಟೊ ಗಿಡಗಳು ಹಳದಿಗೆ ತಿರುಗಿದ್ದು ದೊಡ್ಡಮ್ಮನ ತಲೆ ತಿನ್ನತೊಡಗಿತು. ದೊಡ್ಡಮ್ಮ ಎಂದರೆ ಆ ಶಾಲೆಯ ಮುಖ್ಯೋಪಾಧ್ಯಾಯಿನಿ. ಮಕ್ಕಳು ಕರೆದೂ ಕರೆದೂ ಉಳಿದ ಮೇಷ್ಟ್ರುಗಳ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು. ಆಕೆ ಪಾತಿಯ ಬಳಿ ಕುಕ್ಕರುಗಾಲಲ್ಲಿ ಕೂತು ಎಲೆ ಮಗುಚಿ ನೋಡಿದರು. ಹುಳುವಿಲ್ಲ, ಬೂಷ್ಟಿಲ್ಲ. ಮಣ್ಣಿಗೆ ಕಡ್ಡಿ ಚುಚ್ಚಿದರೆ ಕೆಸರು ಮೆತ್ತಿಕೊಂಡು ಬಂತು. ಅತಿಯಾದರೆ ಅಮೃತವೂ ವಿಷ, ಸರಿ. ಈ ಒಣ ದಿನಗಳಲ್ಲಿ ಇಷ್ಟು ನೀರುಣಿಸಿದ ಪುಣ್ಯಾತ್ಮರು ಯಾರು?

ತಿಳಿಯದೆ ಆಕೆಗೆ ಸಮಾಧಾನವಿಲ್ಲ. ಮಧ್ಯಾಹ್ನ ನೀರಿನ ತೊಟ್ಟಿಯ ಮರೆಯಲ್ಲಿ ನಿಂತರು. ಐದನೇ ತರಗತಿಯಿಂದ ಇಬ್ಬರು ಬಕೆಟ್ ಹಿಡಿದು ಬಂದರು. ಅವರ ಬೆನ್ನಿಗೇ ಆರನೆಯದರಿಂದ ಮೂವರು. ಅಷ್ಟರಲ್ಲಿ ನಾಲ್ಕನೆಯದರಿಂದಲೂ ಒಬ್ಬ. ಎಲ್ಲರೂ ಅದೇ ಪಾತಿಗೆ ಸುರಿದು, ನೆರಳಲ್ಲಿ ಸಾಲಾಗಿ ಕೂತರು.

“ಏನೇ ಗುಬ್ಬಿ, ಗಿಡಕ್ಕೆ ಈಜು ಕಲಿಸ್ತಿದ್ದೀಯಾ?” ಆರನೇ ತರಗತಿಯ ಪುಟ್ಟ ಹುಡುಗಿಯನ್ನು ದೊಡ್ಡಮ್ಮ ಕೇಳಿದರು.

“ಇಲ್ಲ ದೊಡ್ಡಮ್ಮ, ಈಗ ಓದೋ ಪಿರಿಯಡ್ಡು. ನಾವು ನಿಧಾನದೋರು. ಸಾಹೇಬ್ರು ಓದಿಸೋಕೆ ಬಂದ ದಿನ ಗಲಾಟೆ ಆಗ್ಬಾರ್ದು ಅಂತ ಈಗಿಂದ್ಲೇ ಹೊರಗೆ ಬಂದು ರೂಢಿ ಮಾಡ್ಕೊಳ್ತಿದ್ದೀವಿ.”

“ಇವರೆಲ್ಲ?”

“ಅವರೂ ನಿಧಾನದೋರೇ. ಇಲ್ಲಿಗೆ ಬಂದ್ಮೇಲೇ ಗೊತ್ತಾಗಿದ್ದು, ನಾವು ಇಷ್ಟೊಂದು ಜನ ಇದೀವಿ ಅಂತ.” ನೆಂಟರನ್ನು ಕಂಡಷ್ಟು ಹಿಗ್ಗು ಅವಳ ಮುಖದಲ್ಲಿ.

ಮೇಷ್ಟ್ರುಗಳ ಕೋಣೆಯಲ್ಲಿ ವಿಷಯ ಎತ್ತಿದಾಗ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಓದಿನಲ್ಲಿ ನಿಧಾನದವರನ್ನು ಗಿಡಕ್ಕೆ ನೀರು ಹಾಕಲು ಹೊರಗೆ ಕಳಿಸುತ್ತಿರುವುದು ತಾವೊಬ್ಬರೇ ಎಂದು ಪ್ರತಿಯೊಬ್ಬರೂ ತಿಳಿದಿದ್ದರು. ನಾಳೆ ಶಾಲಾ ತಪಾಸಣೆಯ ಸಾಹೇಬರು ಬರುವವರಿದ್ದರು. ಮಕ್ಕಳ ಓದು ಸಾಲದೆಂದು ಕಂಡರೆ ಏಳನೇ ತರಗತಿಯನ್ನು ಪೇಟೆಯ ಶಾಲೆಗೆ ಒಯ್ಯುವುದೆಂದು ಮೊದಲೇ ಹೇಳಿಕಳಿಸಿದ್ದರು.

“ಒಂದು ದಿನದ ಮಾತು, ದೊಡ್ಡಮ್ಮ,” ಎಂದರು ಲೆಕ್ಕದ ಮೇಷ್ಟ್ರು. “ಭಾಗಾಕಾರದಲ್ಲಿ ಶೇಷ ಅಂತ ಬಿಡಲ್ವಾ, ಹಾಗಂದ್ಕೊಳ್ಳಿ.”

“ಈ ಶೇಷಕ್ಕೆ ಮನೇಲಿ ತಾಯಿ ಇದಾಳೆ, ಮೇಷ್ಟ್ರೇ. ಈ ಕುರ್ಚೀಲಿ ಕೂತ ದಿನಾನೇ ಹೇಳಿದ್ನಲ್ಲ, ಇಲ್ಲಿ ಯಾವ ಮಗೂನೂ ಬಚ್ಚಿಡಲ್ಲ ಅಂತ.”

ಆರನೇ ತರಗತಿಗೆ ಭಾಷೆ ಕಲಿಸುವ ಟೀಚರು ತಲೆಯೆತ್ತಲಿಲ್ಲ. “ಏಳನೇ ಕ್ಲಾಸು ಹೋದ್ರೆ ಬಸ್ ಹತ್ತಿಸಿ ಕಳಿಸೋರು ಎಷ್ಟು ಜನ? ಅರ್ಧ ಹೆಣ್ಮಕ್ಕಳು ಮನೇಲೇ ಕೂರ್ತಾರೆ. ನಿಮ್ಮ ಮಾತು ಉಳಿಯುತ್ತೆ, ಅವರ ಓದು ನಿಲ್ಲುತ್ತೆ.”

ಅದೂ ಸುಳ್ಳಲ್ಲ. ದೊಡ್ಡಮ್ಮ ಸಂಜೆ ದೀಪದ ಮುಂದೆ ಕೂತು ಎರಡನ್ನೂ ದೇವರ ಮುಂದಿಟ್ಟರು. ದೇವರು ಎಂದಿನಂತೆ ಕೇಳಿಸಿಕೊಂಡನು, ಏನೂ ಹೇಳಲಿಲ್ಲ. ಆದರೆ ಕಣ್ಣು ಮುಚ್ಚಿದಾಗ ಬೇರೊಂದು ಪ್ರಶ್ನೆ ಎದ್ದು ಬಂತು: ಪುಸ್ತಕ ತೆರೆದಾಗ ಆ ಗುಬ್ಬಿಗೆ ಕಾಣುವುದಾದರೂ ಏನು? ಇಷ್ಟು ವರ್ಷ ಯಾರೂ ಕೇಳಿಲ್ಲ, ತಾನೂ ಕೇಳಿಲ್ಲ. ಹೊರಗೆ ಕಳಿಸಿದ ಮಗುವನ್ನು ಕೇಳುವುದಾದರೂ ಹೇಗೆ?

ಮಾರನೆಯ ದಿನ ಬಕೆಟ್ಟುಗಳನ್ನು ಉಗ್ರಾಣಕ್ಕೆ ಹಾಕಿ ತಾವೇ ಚಿಲಕ ಎಳೆದರು.

ಸಾಹೇಬರು ಮೆದು ಮಾತಿನ ಮನುಷ್ಯ. ಆರನೇ ತರಗತಿಯಲ್ಲಿ ಕೆಲವರನ್ನು ಓದಿಸಿ, ಗುಬ್ಬಿಯನ್ನೂ ಎಬ್ಬಿಸಿದರು. ಮೊದಲ ಸಾಲು ಚೆನ್ನಾಗಿಯೇ ಬಂತು. ಆಮೇಲೆ ನಾಲ್ಕನೆಯದು, ಮತ್ತೆ ಎರಡನೆಯದು. ಸಾಲುಗಳು ಕಲಸಿಹೋಗಿ, ಪಾಠದಲ್ಲಿ ಬಾವಿಗೆ ಹೊರಟ ಮುದುಕಿ ಮರದ ಮೇಲೆ ಮೊಟ್ಟೆ ಇಟ್ಟಳು. ಆಮೇಲೆ ಎದ್ದ ನಿಧಾನದವರೂ ಹಾಗೆಯೇ ಎಡವಿದರು.

“ಬೇರೆ ಶಾಲೆಗಳಲ್ಲಿ ಇಂಥ ಮಕ್ಕಳು ಸಿಗ್ಲೇ ಇಲ್ಲ,” ಎಂದರು ಸಾಹೇಬರು.

“ಅಲ್ಲಿ ತೋಟಗಳು ಹೇಗಿದ್ವು, ನೋಡಿದ್ರಾ?”

ಅವರಿಗೆ ಅರ್ಥವಾಗಲಿಲ್ಲ. ದೊಡ್ಡಮ್ಮ ಬಿಡಿಸಿ ಹೇಳಿದರು, ತಮ್ಮ ಶಾಲೆಯ ಬಕೆಟ್ಟುಗಳನ್ನೂ ಬಿಡದೆ. ಸಾಹೇಬರ ತುಟಿಯಂಚಿಗೆ ಬಂದ ನಗು ಅಲ್ಲೇ ಆರಿತು.

“ನಾನು ಇಲ್ಲಿ ಕೇಳಿಸ್ಕೊಂಡಿದ್ದನ್ನೇ ಮೇಲಿನೋರಿಗೆ ಹೇಳ್ಬೇಕು, ತಾಯಿ. ಏಳನೇ ಕ್ಲಾಸು ಉಳಿಯೋದು ಕಷ್ಟ.”

“ಹೇಳಿ. ಒಂದು ವರ್ಷ ಕೊಡಿ ಅಂತ ಕೇಳೋಕೆ ನಾನೂ ಹಿಂದೇನೇ ಬರ್ತೀನಿ.”

ಅವರು ಹೊರಟರು. ಭಾಷೆಯ ಟೀಚರೂ ಬಾಗಿಲತ್ತ ನಡೆದರು. ದೊಡ್ಡಮ್ಮ ಗುಬ್ಬಿಯ ಬೆಂಚಿನಲ್ಲಿ ಮೊಣಕಾಲು ಮಡಚಿ ತೂರಿಕೊಂಡು ಕೂತರು.

“ಮೊದಲನೇ ಸಾಲು ಮುಗಿದ ಮೇಲೆ ಎಲ್ಲಿಗೆ ಹೋದ್ಯೇ ಮಗಾ?”

“ಕೆಳಗಿನ ಸಾಲೆಲ್ಲಾ ಒಂದೇ ಥರ ಕಾಣ್ತಾವೆ, ದೊಡ್ಡಮ್ಮ. ಬೆರಳಿಟ್ಕೊಂಡ್ರೆ ಸಿಗ್ತಾವೆ.”

“ಮತ್ತೆ ಇಡ್ಬಾರ್ದಾ?”

“ಬೆರಳಿಟ್ಟು ಓದೋದು ಎಳೇ ಮಕ್ಕಳು ಅಂತ ಟೀಚರು ಬೈತಾರೆ.”

“ಈಗ ಇಡು, ನೋಡೋಣ.”

ಗುಬ್ಬಿ ಬೆರಳಿಟ್ಟಳು. ನಿಧಾನವಾಗಿ, ಆದರೆ ದಾರಿ ತಪ್ಪದೆ, ಮುದುಕಿ ಬಾವಿಗೆ ಹೋದಳು, ನೀರು ಸೇದಿದಳು, ಮನೆಗೂ ಬಂದಳು.

ಬಾಗಿಲಲ್ಲಿ ಹೆಜ್ಜೆ ನಿಂತಿತು. ಭಾಷೆಯ ಟೀಚರು ತಿರುಗಿ ಬಂದು ಬೆಂಚಿನ ಆ ಬದಿಗೆ ಕೂತರು. “ಮುಂದಿನ ಪುಟ ತಗಿಯೇ,” ಎಂದರು.