ಸೀಟು ಸಿಗಲಿಲ್ಲ ಎಂದ ಸುಮಲತಾ

ಸುಮಲತಾ ಇತಿಹಾಸ ಓದಿ ಬಿ.ಎ. ಮುಗಿಸಿದ್ದು 2003ರಲ್ಲಿ. ಅದೇ ಬೇಸಿಗೆಯಲ್ಲಿ, ಒಣಮೀನು ಹರವುವಾಗ ಅವಳ ತಾಯಿ ಮಂಗಲಾಳ ಕಾಲಿಗೆ ಮುಳ್ಳು ಚುಚ್ಚಿತು. ಸಕ್ಕರೆ ಕಾಯಿಲೆ ಇದ್ದುದರಿಂದ ಗಾಯ ಮಾಯಲಿಲ್ಲ. ಭಾವಿಕೇರಿಯಿಂದ ಅಂಕೋಲೆಯ ಆಸ್ಪತ್ರೆಗೆ ದಿನಾ ಓಡಾಡುವುದು ಕಷ್ಟವಾದಾಗ ಅಲ್ಲಿಯ ನರ್ಸ್ ಮಂದಾಕಿನಿ ಬಾಯಿ ಸುಮಲತಾಳಿಗೇ ಡ್ರೆಸ್ಸಿಂಗ್ ಕಲಿಸಿದರು. ಬೆರಳು ತೆಗೆಯಬೇಕಾದೀತು ಎಂದಿದ್ದ ಡಾಕ್ಟರು ಮೂರು ತಿಂಗಳ ನಂತರ ಒಣಗಿದ ಗಾಯ ನೋಡಿ, "ಯಾರು ಕಟ್ಟಿದ್ದು?" ಎಂದು ಕೇಳಿದರು.

"ನಿನ್ನ ಕೈ ಚಲೋ ಉಂಟು," ಎಂದರು ಮಂದಾಕಿನಿ ಬಾಯಿ. "ಕಾರವಾರದಲ್ಲಿ ಒಂದೂವರೆ ವರ್ಷದ ನರ್ಸಿಂಗ್ ಕೋರ್ಸ್ ಉಂಟು. ಅರ್ಜಿ ಹಾಕು."

"ನಾ ಸೈನ್ಸ್ ಕಲ್ತದ್ದಲ್ಲ, ಬಾಯಿ."

"ಅದ್ಕೆ ಸೈನ್ಸ್ ಎಂತಕೆ? ಎಸ್ಸೆಲ್ಸಿ ಆದ್ರೆ ಸಾಕು."

ಬಿ.ಎ. ಮಾಡಿದ ಅವಳಿಗೆ ಆ ಮಾತೇ ಚುಚ್ಚಿತು. ಆದರೂ ಅರ್ಜಿ ಹಾಕಿದಳು, ಸಂದರ್ಶನಕ್ಕೆ ಕರೆಯೂ ಬಂತು. ನರ್ಸಿಂಗ್ ಶಾಲೆಯ ಅಂಗಳದ ತುಂಬ ಎರಡು ಜಡೆ ಹಾಕಿದ ಹುಡುಗಿಯರು ಅಪ್ಪಂದಿರ ಜೊತೆ ನಿಂತಿದ್ದರು. ಒಬ್ಬಳು ಓಡಿ ಬಂದು, "ಟೀಚರ್, ಯಾವ ಬಾಗ್ಲಲ್ಲಿ ಹೋಗ್ಬೇಕು?" ಎಂದಳು. ಸುಮಲತಾ ಯಾವುದೋ ಬಾಗಿಲು ತೋರಿಸಿ, ಟೀಚರಂತೆಯೇ ನಡೆದು ರಸ್ತೆಗೆ ಬಂದುಬಿಟ್ಟಳು.

ಮನೆಯಲ್ಲಿ, "ಸೀಟು ಸಿಗ್ಲಿಲ್ಲ" ಎಂದಳು.

ಮಂಗಲಾ ನಂಬಿದಳು. ನಂಬಿ ಸುಮ್ಮನಿರಲಿಲ್ಲ, ಮೀನು ಪೇಟೆಯಲ್ಲಿ ಎದುರು ಸಿಕ್ಕವರಿಗೆಲ್ಲ ಆ ಶಾಲೆಯನ್ನು ಬೈದಳು. ಮರುವರ್ಷ ಮತ್ತೆ ಅರ್ಜಿ ಹಾಕುವ ಆಸೆ ಸುಮಲತಾಳಿಗಿತ್ತು. ಹಾಕಿದರೆ ನಿಜ ಹೊರಬಿದ್ದೀತೆಂದು ಹಾಕಲಿಲ್ಲ. ಮಂದಾಕಿನಿ ಬಾಯಿ ದೂರದಲ್ಲಿ ಕಂಡರೂ ದಾರಿ ಬದಲಿಸುತ್ತಿದ್ದಳು.

2006ರಲ್ಲಿ ನೆರೆಮನೆಯ ಕಾಶಿಯ ಮಗಳು ಪ್ರಗತಿ ಅದೇ ಕೋರ್ಸಿಗೆ ಹೋಗುತ್ತೇನೆಂದು ಹಟ ಹಿಡಿದಳು.

"ಡಿಗ್ರಿ ಆದ ಸುಮಲತಾಗೇ ಕೊಡ್ಲಿಲ್ಲ, ನಿಂಗೆ ಕೊಡ್ತಾರಾ?" ಎಂದು ಕಾಶಿ ಬೇಲಿಯಾಚೆ ರೇಗುತ್ತಿದ್ದ. ಸುಮಲತಾ ಬಟ್ಟೆ ಒಣಗಿಸುತ್ತಿದ್ದಳು. ಬೇಲಿಯತ್ತ ಎರಡು ಹೆಜ್ಜೆ ಇಟ್ಟಳು. ಅಷ್ಟರಲ್ಲಿ ತಾಯಿ ಒಳಗಿನಿಂದ, "ಖರೇ ಹೇಳ್ದೆ, ಕಾಶಿ!" ಎಂದು ಕೂಗಿದಳು. ಸುಮಲತಾ ಅಲ್ಲೇ ನಿಂತಳು. ಮುಂದಿನ ವೈಶಾಖದಲ್ಲಿ ಪ್ರಗತಿಯ ಮದುವೆಯಾಯಿತು.

ಬಾಣಂತನಕ್ಕೆ ತವರಿಗೆ ಬಂದ ಪ್ರಗತಿಯ ಮುಂದೆ ಸುಮಲತಾ ಕೊನೆಗೂ ಎಲ್ಲ ಹೇಳಿದಳು. ಪ್ರಗತಿ ಮಗುವಿನ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದಳು.

"ಅವತ್ತು ಬೇಲಿ ಹತ್ರ ನಿಂತಿದ್ಯಲ್ಲ, ಅಕ್ಕಾ. ಏನಾದ್ರೂ ಹೇಳ್ತಿಯೇನೋ ಅಂತ ನಾ ನಿನ್ನನ್ನೇ ನೋಡ್ತಿದ್ದೆ."