ಮೊಣಕೈ ಹಿಡಿದವರು

"ಆ ಹುಡುಗ ಅಳುತ್ತಿದ್ದಾನಲ್ಲ, ಅದೂ ಆಚರಣೆಯ ಭಾಗವೇ?" ಎಂದು ಪ್ರೊಫೆಸರ್ ಸೂರ್ಯಪ್ರಕಾಶ ಮೈಕು ಇಸಿದುಕೊಂಡು ಇಂಗ್ಲಿಷಿನಲ್ಲಿ ಕೇಳಿದರು.

ಪರದೆಯ ಮೇಲೆ ವಿಡಿಯೋ ನಿಂತಿತ್ತು. ಲಾವೋಸಿನ ಯುವಕನೊಬ್ಬ ಚಾಪೆಯ ಮೇಲೆ ಕೂತು ಬಲಗೈ ಮುಂದೆ ಚಾಚಿದ್ದ. ಮಣಿಕಟ್ಟಿಗೆ ಬಿಳಿ ದಾರ ಕಟ್ಟುತ್ತಿದ್ದ ಕೈಗಳು ಸುಲೋಚನಾಳವು. ಯುವಕನ ಮೊಣಕೈಯನ್ನು ಇನ್ನೊಂದು ಮುದಿ ಕೈ ಹಿಡಿದಿತ್ತು. ಆ ಕೈಯ ಒಡತಿ ಚಿತ್ರದ ಅಂಚಿನಲ್ಲಿ ಕತ್ತರಿಸಿ ಹೋಗಿದ್ದಳು. ಅಳುವ ಮುಖದ ಕೆಳಗೆ 'ಮಾಹಿತಿದಾರ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು.

ಸುಲೋಚನಾ ವಿಶಾಖಪಟ್ಟಣದ ವಿಶ್ವವಿದ್ಯಾಲಯವೊಂದರಲ್ಲಿ ಲಾವೋಸಿನ ಸಮಾಜ, ಸಂಸ್ಕೃತಿ ಪಾಠ ಮಾಡುವವಳು. ಸುತ್ತಮುತ್ತ ಆ ವಿಷಯ ಹಿಡಿದವರು ಇನ್ನೊಬ್ಬರಿಲ್ಲ. ಹಾಗಾಗಿ ವಿಜಯವಾಡದ ಗವರ್ನರ್‌ಪೇಟೆಯ ಈ ಹೋಟೆಲಿನಲ್ಲಿ ನಡೆದಿದ್ದ ವಿಚಾರ ಸಂಕಿರಣದಲ್ಲಿ ಅವಳು ಹೇಳಿದ್ದೇ ಕೊನೆಯ ಮಾತು. ಅವಳು ತಡವರಿಸಲಿಲ್ಲ.

"ಹೌದು. ಇದನ್ನು ಖಾಸಗಿ ದುಃಖ ಅಂದುಕೊಳ್ಳಬಾರದು. ಅಳುವುದಕ್ಕೆ ಆಚರಣೆಯೇ ಜಾಗ ಮಾಡಿಟ್ಟಿರುತ್ತದೆ. ಅವನು ಒಂದು ಪಾತ್ರ ನಿರ್ವಹಿಸುತ್ತಿದ್ದಾನೆ, ಅಷ್ಟೆ."

ಸೂರ್ಯಪ್ರಕಾಶರು ತಲೆಯಾಡಿಸಿ ಬರೆದುಕೊಂಡರು. ಆಗ ಅವಳು ಪಕ್ಕದ ಬಾಗಿಲ ಕಡೆ ನೋಡಿದಳು. ಬಾಳೆಎಲೆ ಸುತ್ತಿ ಚೆಂಡುಹೂ ಚುಚ್ಚಿದ ಗೋಪುರವೊಂದನ್ನು ತೋಳಲ್ಲಿ ಅಪ್ಪಿಕೊಂಡು ಖಾಮ್ಲಾ ನಿಂತಿದ್ದ. ಪರದೆಯ ಮೇಲಿನ ತನ್ನ ಮುಖವನ್ನು ನೋಡುತ್ತಿದ್ದ. ಅವಳು ಹೇಳಿದ್ದು ಅವನಿಗೆ ಕೇಳಿಸಿತ್ತು. ಸುಲೋಚನಾಳಿಗೆ ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಖಾಮ್ಲಾ ಅವಳ ವಿದ್ಯಾರ್ಥಿಯೇನಲ್ಲ. ಅದೇ ಕ್ಯಾಂಪಸ್ಸಿನಲ್ಲಿ ಫಾರ್ಮಸಿ ಓದುವವನು. ತನ್ನ ಭಾಷೆ ಆಡುವ ಒಂದು ಜೀವ ಊರಲ್ಲಿ ಸಿಕ್ಕಿತಲ್ಲ ಎಂದು ಭಾನುವಾರ ಅವಳ ಮನೆಗೆ ಬರತೊಡಗಿದ್ದ. ಮನೆಯಲ್ಲಿ ಸುಲೋಚನಾಳ ತಾಯಿ ಚೆನ್ನಮ್ಮ. ಗದಗಿನ ಆಕೆ ಅವನ ಹೆಸರು ಬಾಯಿಗೆ ಹತ್ತದೆ 'ಕಮಲ್ಯಾ' ಮಾಡಿಕೊಂಡು, ರೊಟ್ಟಿ ಬಡಿದು ಬಡಿದು ಹಾಕುತ್ತಿದ್ದಳು. ಹೋದ ತಿಂಗಳು ಅತ್ತ ಲಾವೋಸಿನಲ್ಲಿ ಅವನ ಅಪ್ಪ ತೀರಿಕೊಂಡ. ಪರೀಕ್ಷೆಗಳ ನಡುವೆ ಹೊರಟರೂ ಅವನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿರುತ್ತಿತ್ತು. ಹುಡುಗ ಹೋಗಲಿಲ್ಲ. ಊಟ ಬಿಟ್ಟ, ನಿದ್ದೆ ಬಿಟ್ಟ, ಕೊನೆಗೆ ಒಂದು ಸಂಜೆ ಬಂದು ಬಾಗಿಲಲ್ಲೇ ನಿಂತ.

"ನನ್ನವು ಯಾವುವೂ ಒಳಗಿಲ್ಲ, ಆಚಾನ್," ಎಂದ. ಆಚಾನ್ ಅಂದರೆ ಅವರಲ್ಲಿ ಗುರು. "ಕರೆಯುವ ಮಾತು ಇಲ್ಲಿ ನಿಮಗೊಬ್ಬರಿಗೇ ಗೊತ್ತು. ಕರೆದುಕೊಡಿ."

ಮನುಷ್ಯನ ಮೈಯಲ್ಲಿ ಮೂವತ್ತೆರಡು ಜೀವಗಳಿರುತ್ತವೆ ಅನ್ನುತ್ತಾರೆ ಲಾವೋ ಜನ. ಎದೆ ಒಡೆಯುವಂಥದ್ದು ಏನಾದರೂ ಆದರೆ ಅವು ಬೆದರಿ ಹೊರಗೆ ಹೋಗಿಬಿಡುತ್ತವೆ. ಹಿರಿಯರು ಹೂಗೋಪುರದ ಮುಂದೆ ಕೂತು ಅವನ್ನು ಕರೆದು, ಮಣಿಕಟ್ಟಿಗೆ ದಾರ ಕಟ್ಟಿ ಉಳಿಸಿಕೊಳ್ಳಬೇಕು. ಕಟ್ಟಿಸಿಕೊಳ್ಳುವವನ ಮೊಣಕೈಯನ್ನು ಪಕ್ಕದವರು ಹಿಡಿಯಬೇಕು. ಒಬ್ಬಂಟಿಯಾಗಿ ಯಾರೂ ಕಟ್ಟಿಸಿಕೊಳ್ಳುವುದಿಲ್ಲ. ಇದರ ಮೇಲೆ ಸುಲೋಚನಾ ಒಂದು ಪುಸ್ತಕವನ್ನೇ ಬರೆದಿದ್ದಳು. ಯಾರ ಜೀವವನ್ನೂ ಕರೆದಿರಲಿಲ್ಲ.

ಚಾಪೆ ಹಾಸಿದಳು, ದಾರ ತಂದಳು. ಆಮೇಲೆ ಫೋನನ್ನು ಅಕ್ಕಿಡಬ್ಬಿಗೆ ಆನಿಸಿ ರೆಕಾರ್ಡಿಂಗ್ ಒತ್ತಿದಳು. ಯೋಚಿಸಿ ಮಾಡಿದ್ದಲ್ಲ. ಆಚರಣೆ ಅಂತ ಒಂದು ಶುರುವಾದರೆ ಕ್ಯಾಮೆರಾ ಹಚ್ಚುವುದು ಅವಳ ಕಸುಬಿನವರಿಗೆ ಕೈಗಂಟಿದ ಚಟ. ಖಾಮ್ಲಾ ಅದನ್ನು ಕಂಡ. ಎಷ್ಟೋ ದಿನಗಳ ಮೇಲೆ ಅವನ ಮುಖ ಕೊಂಚ ಅರಳಿತು.

"ಅಮ್ಮನಿಗೆ ಕಳಿಸುವುದಕ್ಕಾ?" ಎಂದು ಕೇಳಿದ.

"ಹೂಂ," ಎಂದಳು. ಆಗ ಅದೇನೂ ಸುಳ್ಳಾಗಿರಲಿಲ್ಲ.

ಅವಳು ಮಂತ್ರವನ್ನು ಒಂದಕ್ಷರ ತಪ್ಪದೆ ಹೇಳಿದಳು. ಹುಡುಗ ಕಲ್ಲಿನ ಹಾಗೆ ಕೂತೇ ಇದ್ದ. ಮೊಣಕೈ ಹಿಡಿದು ಕೂತಿದ್ದ ಚೆನ್ನಮ್ಮನಿಗೆ ತಡೆಯಲಾಗಲಿಲ್ಲ. "ಬಾರೋ ಯಪ್ಪಾ, ಮನಿಗೆ ಬಾ. ಎಲ್ಲಿ ಹೋಗಿ ನಿಂತೀಯೋ? ಹೊತ್ತಾತು, ಉಣ್ಣಾಕ ಬಾ," ಎಂದು ತನ್ನ ಮಾತಿನಲ್ಲೇ ಕರೆದಳು. ಏನು ತಿಳಿಯಿತೋ, ಅವನು ಬಿಕ್ಕಿ ಬಿಕ್ಕಿ ಅತ್ತ. ಆ ದಿನ ಹೊಟ್ಟೆ ತುಂಬ ಉಂಡ.

ಮುಂದೆ ಈ ವಿಚಾರ ಸಂಕಿರಣದ ಕರೆ ಬಂತು. ಸುಲೋಚನಾ ವಿಡಿಯೋ ತೆಗೆದು ನೋಡಿದಳು. ಈಗ ಅದು ಸಾಮಗ್ರಿಯಾಗಿ ಕಂಡಿತು. ಗದಗಿನ ಮುದುಕಿಯೊಬ್ಬಳು ಲಾವೋ ಆಚರಣೆಯ ನಡುವೆ ಕನ್ನಡ ಮಾತಾಡಿದರೆ ವಿದ್ವಾಂಸರು ಏನೆಂದಾರು? ಅವ್ವನ ದನಿ ತೆಗೆದಳು, ಅವ್ವನನ್ನೂ ತೆಗೆದಳು. ಖಾಮ್ಲಾನ ತಾಯಿಗೆ ಕಳಿಸುವುದು ಇವತ್ತು ನಾಳೆ ಅಂತ ಹಾಗೇ ಉಳಿಯಿತು. ಸಂಕಿರಣದಲ್ಲಿ ದಾರ ಕಟ್ಟುವ ಪ್ರಾತ್ಯಕ್ಷಿಕೆಯನ್ನೂ ಇಟ್ಟಿದ್ದರು. ಹೂಗೋಪುರ ಕಟ್ಟಲು ಅವನನ್ನೇ ಕರೆದುಕೊಂಡು ಬಂದಳು. ಹೊರಗಿನ ವರಾಂಡದಲ್ಲಿ ಅವನು ಹೂ ಚುಚ್ಚಿ ಮುಗಿಸುವಷ್ಟರಲ್ಲಿ ಒಳಗೆ ತನ್ನ ವಿಡಿಯೋ ಮುಗಿದಿರುತ್ತದೆ ಎಂದುಕೊಂಡಿದ್ದಳು. ಹೌದು, ಅಷ್ಟನ್ನು ಯೋಚಿಸಿಯೇ ಇದ್ದಳು. ಉದ್ಘಾಟನೆ, ಶಾಲು, ಭಾಷಣ ಅಂತ ಬೆಳಗಿನದೆಲ್ಲ ಎಳೆದು ಅವಳ ಎಣಿಕೆ ತಲೆಕೆಳಗಾಯಿತು.

ಮೈಕು ಇನ್ನೂ ಅವಳ ಕೈಯಲ್ಲೇ ಇತ್ತು. ತಪ್ಪು ಹೇಳಿದೆ, ಆ ಹುಡುಗನ ಅಪ್ಪ ಸತ್ತಿದ್ದ, ಎಂದರೆ ಸಾಕಿತ್ತು. ಹಾಗೆಂದಿದ್ದರೆ ಸೂರ್ಯಪ್ರಕಾಶರು ಬರೆದದ್ದನ್ನು ಒಂದು ಗೀಟು ಎಳೆದು ಹೊಡೆದುಹಾಕುತ್ತಿದ್ದರು. ಅವಳು ಲೋಟ ಎತ್ತಿ ನೀರು ಕುಡಿದಳು.

ಚಪ್ಪಾಳೆಯಾಯಿತು. ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವರುಣ್ ಓಡಿಬಂದ. ಬಳ್ಳಾರಿಯವನು, ಬೆಳೆದದ್ದೆಲ್ಲ ಇಲ್ಲೇ, ಕನ್ನಡಕ್ಕೆ ತೆಲುಗು ಬೆರೆತಿತ್ತು. "ಸೂಪರ್ ಅಂಡಿ ಮೇಡಂ. ಲಂಚ್‌ಗೆ ಲೇಟ್ ಆಗ್ತಾ ಇದೆ, ಸ್ವಲ್ಪ ಬೇಗ ದಾರ ಕಟ್ಟಿಸ್ಬಿಡೋಣಾ?"

ಖಾಮ್ಲಾ ಗೋಪುರವನ್ನು ಮೇಜಿನ ಮೇಲಿಟ್ಟ. ವಿದ್ವಾಂಸರು ಸಾಲಾಗಿ ಬಂದು, ಒಬ್ಬರ ಮೊಣಕೈ ಇನ್ನೊಬ್ಬರು ಹಿಡಿದು, ನಗುತ್ತಾ ಫೋಟೋ ತೆಗೆಸಿಕೊಂಡರು. ಅವನು ಯಾರಿಗೂ ಅವಸರ ಮಾಡಲಿಲ್ಲ. ಪ್ರತಿಯೊಬ್ಬರಿಗೂ ಹಾರೈಕೆಯನ್ನು ಪೂರ್ತಿ ಹೇಳಿ ಕಟ್ಟಿದ. ಸೂರ್ಯಪ್ರಕಾಶರಿಗೂ ಹಾಗೆಯೇ ಕಟ್ಟಿದ.

ಸುಲೋಚನಾಳ ಫೋನು ಗುನುಗಿತು. ಅವ್ವ.

"ಕಮಲ್ಯಾ ಉಂಡನೇನ?"

"ಇನ್ನೂ ಇಲ್ಲವ್ವಾ."

"ಹಸದಿರ್ತಾನ, ಮದ್ಲ ಅವಂಗ ಉಣ್ಣಾಕ ಹಾಕಿಸು. ಮತ್ತ ಆ ವಿಡಿಯೋ ಅವರವ್ವಗ ಕಳಿಸೀಯೋ ಇಲ್ಲೋ? ನನ್ನ ಮಾರಿ ಛಲೋ ಬಂದೈತೇನ ಅದ್ರಾಗ?"

"ಆಮ್ಯಾಲ ಫೋನ್ ಹಚ್ತೀನವ್ವಾ," ಎಂದು ಸುಲೋಚನಾ ಫೋನಿಟ್ಟಳು.

ಸಭಾಂಗಣ ಬರಿದಾಗುತ್ತ ಬಂತು. ಎಲ್ಲರೂ ಊಟದ ಕಡೆ ಹೋದರು. ವರುಣನೂ ತಟ್ಟೆ ಜೋಡಿಸಲು ಹೋದ. ದಾರ ಕಟ್ಟಿಸಿಕೊಳ್ಳದೆ ಉಳಿದದ್ದು ಅವಳೊಬ್ಬಳೇ. ಕಾಲೆಳೆದುಕೊಂಡು ಹೋಗಿ ಖಾಮ್ಲಾನ ಎದುರು ಕೂತಳು. ಕಿಟಕಿಯಾಚೆ ಇಂದ್ರಕೀಲಾದ್ರಿ ಬೆಟ್ಟ ಬಿಸಿಲಲ್ಲಿ ಮಸುಕಾಗಿತ್ತು. ಅವನ ಮುಖ ನೋಡಲಾಗದೆ ಅವಳು ಅದನ್ನೇ ನೋಡಿದಳು.

"ವಿಡಿಯೋ ಚೆನ್ನಾಗಿದೆ, ಆಚಾನ್," ಎಂದ ಖಾಮ್ಲಾ. ದನಿಯಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಅವಳು ಬದುಕಿಕೊಳ್ಳುತ್ತಿದ್ದಳು. "ಅಮ್ಮ ಇನ್ನೂ ನೋಡಿಲ್ಲ."

"ಖಾಮ್ಲಾ..."

"ಅಜ್ಜಿ ಯಾಕೆ ಕಾಣಲಿಲ್ಲ?"

ಅವನು ಉತ್ತರಕ್ಕೆ ಕಾಯಲಿಲ್ಲ. ದಾರದ ಎಳೆಯೊಂದನ್ನು ಬಿಡಿಸಿಕೊಂಡು, "ಕೈ ಕೊಡಿ," ಎಂದ.

ಅವಳು ಬಲಗೈ ಚಾಚಿದಳು. ಅವನು ಕಟ್ಟಲು ಹೋಗಿ ತಡೆದ. ಅವಳ ಹಿಂದೆ ನೋಡಿದ, ಬಾಗಿಲ ಕಡೆ ನೋಡಿದ. ಮೊಣಕೈ ಹಿಡಿಯಲು ಯಾರೂ ಇರಲಿಲ್ಲ. ದಾರವನ್ನು ತುಟಿಯಲ್ಲಿ ಕಚ್ಚಿಕೊಂಡು, ಮಡಿಲಲ್ಲಿದ್ದ ಅವಳ ಎಡಗೈಯನ್ನು ಮೆಲ್ಲಗೆ ಎತ್ತಿ, ಅವಳದೇ ಬಲ ಮೊಣಕೈಗೆ ಹಿಡಿಸಿದ.

ಆಮೇಲೆ ಕಟ್ಟಿದ. ಹಾರೈಕೆಯಲ್ಲಿ ಒಂದು ಮಾತನ್ನೂ ಬಿಡಲಿಲ್ಲ. ಸುಲೋಚನಾಳ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಎರಡು ಕೈಗಳೂ ಒಂದಕ್ಕೊಂದು ಸಿಕ್ಕಿಕೊಂಡಿದ್ದರಿಂದ ಅವಳು ಒರೆಸಿಕೊಳ್ಳದೆ ಹಾಗೇ ಕೂತಿದ್ದಳು.